ಟರ್ಬೊ ಎಂಜಿನ್ ಮತ್ತು ಕಿಡಿಯ ವೇಳೆ: ಒಂದು ಇತಿಹಾಸ

ಇತ್ತೀಚಿನ ಸಣ್ಣ ಕಾರುಗಳ ಹಿಂಭಾಗದಲ್ಲಿ 'ಟರ್ಬೊ' ಎಂಬ ಬರಹವನ್ನು ನೀವು ಕಂಡಿರಬಹುದು. ಹಿಂದೆ ಒಂದೂವರೆ ಲೀಟರಿನ ಎಂಜಿನ್ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ ಮಾಡುತ್ತಿದೆ. ಇದರ ಶ್ರೇಯಸ್ಸನ್ನೆಲ್ಲ ನಾವು ಟರ್ಬೊಗೆ ಕೊಟ್ಟುಬಿಡುತ್ತೇವೆ. ಆದರೆ ಟರ್ಬೊ ಹೊಸ ವಸ್ತುವೇನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಅದರ ಪೇಟೆಂಟ್ ಪಡೆದಿದ್ದರು. ಹಾಗಿದ್ದರೂ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಅದು ನೆಮ್ಮದಿಯಾಗಿ ನೆಲೆಸಲು ಮುಕ್ಕಾಲು ಶತಮಾನ ಬೇಕಾಯಿತು. ಏಕೆ? ಸ್ಪಾರ್ಕ್ ಪ್ಲಗ್ಗಿನ ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬ ಪ್ರಶ್ನೆಗೆ ಅಷ್ಟು ದಿನ ಸರಿಯಾದ ಉತ್ತರ ಸಿಕ್ಕಿರಲಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಸಿಲಿಂಡರಿನೊಳಗೆ ಕಿಡಿ ಹಾರಿದ ಕೂಡಲೇ ಮಿಶ್ರಣವೆಲ್ಲ ಒಮ್ಮೆಗೇ ಉರಿಯುವುದಿಲ್ಲ. ಜ್ವಾಲೆ ಪ್ಲಗ್ಗಿನಿಂದ ಹೊರಟು ಗೋಡೆಯವರೆಗೆ ಹರಡಬೇಕು. ಅದಕ್ಕೆ ಸುಮಾರು 2 ಮಿಲಿಸೆಕೆಂಡ್ ಬೇಕೆಂದು ಇಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಅಷ್ಟರಲ್ಲಿ ಕ್ರ್ಯಾಂಕ್ 36 ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಹಾಗಾದರೆ ಮಾತ್ರ ಪಿಸ್ಟನ್ ತುದಿ ದಾಟಿ ಹತ್ತು ಹದಿನೈದು ಡಿಗ್ರಿ ಇಳಿಯುವ ಹೊತ್ತಿಗೆ ಒತ್ತಡ ಅತ್ಯಧಿಕವಾಗಿ, ಶಕ್ತಿಯೆಲ್ಲ ಚಕ್ರಕ್ಕೆ ಸಿಗುತ್ತದೆ. ಕಿಡಿ ತಡವಾದರೆ ಇಂಧನ ವ್ಯರ್ಥ, ಬೇಗನೆ ಹಾರಿದರೆ ಅಪಾಯ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಈ ಹೊಣೆ ಚಾಲಕನದ್ದೇ ಆಗಿತ್ತು. ಸ್ಟಿಯರಿಂಗ್ ಚಕ್ರದ ಕೆಳಗೆ ಎರಡು ಸಣ್ಣ ಹಿಡಿಗಳಿದ್ದವು. ಬಲಗಡೆಯದು ವೇಗಕ್ಕೆ, ಎಡಗಡೆಯದು ಕಿಡಿಯನ್ನು ಹಿಂದೆ ಮುಂದೆ ಮಾಡಲಿಕ್ಕೆ. ಕಿಡಿಯನ್ನು ಹಿಂದಕ್ಕೆ ತರಲು ಮರೆತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಹೋದರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಹೀಗೆ ಕೈ ಮುರಿದುಕೊಂಡವರು ಆ ಕಾಲದಲ್ಲಿ ಅನೇಕರಿದ್ದರು. ಮುಂದೆ ಡಿಸ್ಟ್ರಿಬ್ಯೂಟರಿನೊಳಗೆ ಸ್ಪ್ರಿಂಗ್ ಕಟ್ಟಿದ ತೂಕಗಳೂ ನಿರ್ವಾತದಿಂದ ಎಳೆಯಲ್ಪಡುವ ತೆಳು ಪೊರೆಯೂ ಬಂದು ಈ ಕೆಲಸವನ್ನು ತಾವೇ ವಹಿಸಿಕೊಂಡವು. ನಮ್ಮ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಇದ್ದದ್ದು ಇದೇ ಏರ್ಪಾಟು.

ಅಂಥ ಕಾರು ತುಂಬಿದ ಭಾರದೊಂದಿಗೆ ಘಾಟಿ ಏರುವಾಗ, ಚಾಲಕ ಗೇರ್ ಇಳಿಸದಿದ್ದರೆ, ಬಾನೆಟ್ಟಿನೊಳಗಿಂದ ಕಟಕಟ ಸದ್ದು ಬರುವುದನ್ನು ಹಿರಿಯರು ಕೇಳಿರುತ್ತಾರೆ. ಮೆಕ್ಯಾನಿಕ್‌ಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ಜ್ವಾಲೆ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಬಿಸಿಗೆ ತಾನಾಗಿಯೇ ಸಿಡಿಯುತ್ತದೆ. ಆ ಅಲೆಗಳು ಸಿಲಿಂಡರಿನ ಗೋಡೆಗೆ ಬಡಿದು ಈ ಶಬ್ದ ಹುಟ್ಟುತ್ತದೆ. ಸಾಧಾರಣ ಎಂಜಿನ್ ಇದನ್ನು ಸ್ವಲ್ಪ ಹೊತ್ತು ತಾಳಿಕೊಂಡೀತು. ಟರ್ಬೊ ಎಂಜಿನ್ನಿನ ಕಥೆ ಬೇರೆ. ಅಲ್ಲಿ ಗಾಳಿಯನ್ನು ಒತ್ತಿ ತುಂಬುತ್ತಾರೆ, ಒತ್ತಿದ ಗಾಳಿ ಬಿಸಿಯಾಗುತ್ತದೆ, ಒತ್ತಡವೂ ಬಿಸಿಯೂ ಎರಡೂ ಹೆಚ್ಚು. ಪೂರ್ಣ ಭಾರದಲ್ಲಿ ಜೋರಾದ ನಾಕಿಂಗ್ ಮುಂದುವರಿದರೆ ಪಿಸ್ಟನ್ ಒಡೆಯುತ್ತದೆ, ಇಲ್ಲವೇ ಕರಗಿ ತೂತಾಗುತ್ತದೆ.

ನಾಕಿಂಗ್ ತಡೆಯಲು ಜಗತ್ತು ಮೊದಲು ಹಿಡಿದ ದಾರಿ ರಸಾಯನಶಾಸ್ತ್ರದ್ದು. ಜನರಲ್ ಮೋಟಾರ್ಸ್ ಕಂಪನಿಯ ಥಾಮಸ್ ಮಿಡ್‌ಗ್ಲೆ ಅವರು 1921ರ ಡಿಸೆಂಬರಿನಲ್ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಚೂರು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡರು. ಸೀಸ ವಿಷವೆಂಬುದು ಆಗಲೇ ತಿಳಿದ ಸಂಗತಿ. 1924ರಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿನ ತೈಲ ಶುದ್ಧೀಕರಣ ಘಟಕದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಸೀಸದ ವಿಷವೇರಿ ಮೃತಪಟ್ಟರು. ಮಿಡ್‌ಗ್ಲೆ ಅವರೂ ಅದರ ವಿಷಕ್ಕೆ ತುತ್ತಾಗಿ ಚಿಕಿತ್ಸೆ ಪಡೆಯಬೇಕಾಯಿತು. ಆದರೂ ಅದರ ಮಾರಾಟ ಮುಂದುವರಿಯಿತು. ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕವಾದ ಆ ಹೊಗೆಯನ್ನು ಹಲವು ತಲೆಮಾರುಗಳು ಉಸಿರಾಡಿದವು. ಭಾರತದಾದ್ಯಂತ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ಕಾರುಗಳಿಗೆ ಅದನ್ನು ನಿಲ್ಲಿಸಿದ್ದು 2021ರಲ್ಲಿ. ಒಂದು ಶಬ್ದವನ್ನು ಅಡಗಿಸಲು ಇಷ್ಟು ದೊಡ್ಡ ಬೆಲೆ ತೆತ್ತದ್ದು ಸರಿಯೇ ಎಂದು ಯಾರಾದರೂ ಕೇಳಬೇಕಾಗಿತ್ತು. ಕೇಳಿದವರೂ ಇದ್ದರು, ಅವರ ಮಾತು ನಡೆಯಲಿಲ್ಲ.

ಈಗ ಟರ್ಬೊ ಕಾರಿಗೆ ಬರೋಣ. 1962ರಲ್ಲಿ ಅಮೆರಿಕದಲ್ಲಿ ಎರಡು ಟರ್ಬೊ ಕಾರುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರಿನಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸಿ ಮಿಶ್ರಣವನ್ನು ತಂಪುಗೊಳಿಸುತ್ತಿದ್ದರು. ಆ ದ್ರವದ ಪಾತ್ರೆಯನ್ನು ತುಂಬಿಸುವುದನ್ನು ಮಾಲೀಕರು ಮರೆಯುತ್ತಿದ್ದರು. ಕಾರು 1963ಕ್ಕೇ ನಿಂತುಹೋಯಿತು. ಇನ್ನೊಂದು ಷೆವರ್ಲೆ ಕಾರ್ವೇರ್ ಸ್ಪೈಡರ್. ಅದರ ಡಿಸ್ಟ್ರಿಬ್ಯೂಟರಿನಲ್ಲಿ ಸಾಮಾನ್ಯ ಪೊರೆಯ ಬದಲು, ಟರ್ಬೊ ಒತ್ತಡ ಏರಿದಾಗ ಕಿಡಿಯನ್ನು ಹಿಂದಕ್ಕೆ ತಳ್ಳುವ ಪೊರೆ ಇತ್ತು. ಯೋಚನೆ ಚೆನ್ನಾಗಿಯೇ ಇತ್ತು, ಆದರೆ ಆ ಪೊರೆ ಕುರುಡು. ಪೆಟ್ರೋಲ್ ಒಳ್ಳೆಯದೋ ಕೆಟ್ಟದ್ದೋ, ಹೊರಗೆ ಸೆಖೆಯೋ ಚಳಿಯೋ ಅದಕ್ಕೆ ತಿಳಿಯದು. ಆದ್ದರಿಂದ ಎಂಜಿನಿಯರುಗಳು ಅತ್ಯಂತ ಕೆಟ್ಟ ಪರಿಸ್ಥಿತಿಯನ್ನು ಊಹಿಸಿಕೊಂಡೇ ಕಿಡಿಯನ್ನು ಹಿಂದೆ ಇಡಬೇಕಾಗಿತ್ತು. ಮುಂದೆ 1973ರ ಬಿಎಂಡಬ್ಲ್ಯು 2002 ಟರ್ಬೊ, ಅದರ ಬೆನ್ನಿಗೇ ಬಂದ ಪೋರ್ಷೆ 911 ಟರ್ಬೊ ಸಹ ಸಂಕೋಚನ ಅನುಪಾತವನ್ನು 7ಕ್ಕಿಂತಲೂ ಕೆಳಗಿಳಿಸಿ ಪಾರಾದವು. ಹಾಗಾಗಿ ಟರ್ಬೊ ಒತ್ತಡ ಏರುವ ತನಕ ಅವು ಮಂಕಾಗಿಯೇ ಓಡುತ್ತಿದ್ದವು, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತಿದ್ದವು.

1975ರ ಹೊತ್ತಿಗೆ ಅಮೆರಿಕದಲ್ಲಿ ಪರಿಸ್ಥಿತಿ ಬದಲಾಯಿತು. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗಳು ಬಂದವು. ಸೀಸ ಅವುಗಳನ್ನು ಕೆಡಿಸುವುದರಿಂದ ಹೊಸ ಕಾರುಗಳಿಗೆ ಸೀಸವಿಲ್ಲದ, ಕಡಿಮೆ ಆಕ್ಟೇನಿನ ಪೆಟ್ರೋಲ್ ಬಂತು. ಅತ್ತ ಕಾನೂನು 1978ರ ಮಾದರಿಗಳಿಂದ ಮೈಲೇಜ್ ಹೆಚ್ಚಿಸಲು ಒತ್ತಾಯಿಸಿತು. ಬ್ಯೂಯಿಕ್ ಕಂಪನಿಯವರು ದೊಡ್ಡ ವಿ-8ರ ಜಾಗಕ್ಕೆ 3.8 ಲೀಟರಿನ ವಿ-6 ಎಂಜಿನ್ನಿಗೆ ಟರ್ಬೊ ಜೋಡಿಸಿದರು. ಹಳೆಯ ರಕ್ಷಣೆಯಾದ ಸೀಸ ಈಗ ಇಲ್ಲ. ಆಗ ಅವರು ಎಂಜಿನ್ನಿನ ಮೇಲೆಯೇ ಒಂದು ಕಿವಿಯನ್ನು ಕೂರಿಸಿದರು.

ಈ ಕಿವಿ ಹೇಗೆ ಕೇಳುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ನಾಕಿಂಗ್ ಶಬ್ದದ ಆವರ್ತನವು ಸಿಲಿಂಡರಿನ ಅಗಲದ ಮೇಲೆ ನಿಂತಿದೆ ಎಂಬ ಲೆಕ್ಕವನ್ನು 1930ರ ದಶಕದಲ್ಲಿ ಎಂಐಟಿಯ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಕೊಟ್ಟಿದ್ದರು. (ಚಂದ್ರಯಾನಿ ಅಪೊಲೊ ನೌಕೆಗಳಿಗೆ ದಾರಿ ತೋರಿಸುವ ಯಂತ್ರವನ್ನು ಮುಂದೆ ರೂಪಿಸಿದ್ದು ಇವರದೇ ಪ್ರಯೋಗಾಲಯ!) 9 ಸೆಂಟಿಮೀಟರ್ ಅಗಲದ ಸಿಲಿಂಡರಿನಲ್ಲಿ ಅದು ಸೆಕೆಂಡಿಗೆ ಸುಮಾರು ಆರು ಸಾವಿರ ಕಂಪನ. ಅಂದರೆ ಸಂವೇದಕವು ಆ ಒಂದು ಸ್ವರಕ್ಕೆ ಕಿವಿಗೊಟ್ಟರೆ ಸಾಕು. ವಾಲ್ವ್‌ಗಳ ಸದ್ದಿನಲ್ಲಿ ಮೋಸ ಹೋಗದಿರಲು ನಂತರದ ವ್ಯವಸ್ಥೆಗಳು ಪ್ರತಿ ಸಿಲಿಂಡರಿನಲ್ಲಿ ನಾಕಿಂಗ್ ಸಾಧ್ಯವಿರುವ ಕೆಲವೇ ಡಿಗ್ರಿಗಳಷ್ಟು ಹೊತ್ತು ಮಾತ್ರ ಆಲಿಸುತ್ತವೆ. ನಾಕಿಂಗ್ ಕೇಳಿಸಿದ ಕೂಡಲೇ ಕಿಡಿಯನ್ನು ಹಿಂದಕ್ಕೆ ಸರಿಸುತ್ತವೆ, ನಿಂತ ಮೇಲೆ ಮೆಲ್ಲಮೆಲ್ಲನೆ ಮುಂದಕ್ಕೆ ತರುತ್ತವೆ.

ಆ ಬ್ಯೂಯಿಕ್ ಎಂಜಿನ್ 1978ರಲ್ಲಿ ಹೆಚ್ಚೆಂದರೆ 165 ಅಶ್ವಶಕ್ತಿ ಕೊಡುತ್ತಿತ್ತು. 1984ರಲ್ಲಿ ಕಾರ್ಬುರೇಟರನ್ನೂ ಡಿಸ್ಟ್ರಿಬ್ಯೂಟರನ್ನೂ ತೆಗೆದು ಕಂಪ್ಯೂಟರ್ ಕೈಗೆ ಕೊಟ್ಟರು. ಬಳಿಕ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಸೇರಿತು. 1987ರಲ್ಲಿ ಅದೇ 3.8 ಲೀಟರಿನಿಂದ 245 ಅಶ್ವಶಕ್ತಿ ಬಂತು.

ಸ್ವೀಡನ್ನಿನ ಸಾಬ್ ಕಂಪನಿಯ ಪೇರ್ ಯಿಲ್‌ಬ್ರಾಂಡ್ ಬೇರೆಯೇ ದಾರಿ ಹಿಡಿದರು. 1980ರ ದಶಕದ ಆರಂಭದಲ್ಲಿ ಬಂದ ಅವರ ಎಪಿಸಿ ವ್ಯವಸ್ಥೆ ನಾಕಿಂಗ್ ಕೇಳಿಸಿದಾಗ ಕಿಡಿಯನ್ನು ಮುಟ್ಟದೆ ಟರ್ಬೊ ಒತ್ತಡವನ್ನು ಇಳಿಸುತ್ತಿತ್ತು. ಯಾವುದು ಮೇಲು? ಕಿಡಿಯನ್ನು ಮರುಕ್ಷಣದಲ್ಲೇ ಬದಲಿಸಬಹುದು. ಒತ್ತಡ ಇಳಿಯಲು ಹೊತ್ತು ಹಿಡಿಯುತ್ತದೆ. ಆದರೆ ಕಿಡಿಯನ್ನು ಬಹಳ ಹೊತ್ತು ಹಿಂದೆ ಇಟ್ಟರೆ ಉರಿ ತಡವಾಗಿ ಮುಗಿದು ಹೊಗೆ ವಿಪರೀತ ಬಿಸಿಯಾಗುತ್ತದೆ, ಟರ್ಬೊವೇ ಸುಡುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಸೇರಿಸಿದ 1985ರ ಪೋರ್ಷೆ 944 ಟರ್ಬೊದ ಕ್ರಮವೇ ಜಾಣತನದ್ದು: ಮೊದಲು ಕಿಡಿಯನ್ನು ಹಿಂದೆ ಸರಿಸುವುದು, ಆದರೂ ನಿಲ್ಲದಿದ್ದರೆ ಒತ್ತಡ ಇಳಿಸುವುದು. ಇಂದಿನ ಟರ್ಬೊ ಕಾರುಗಳು ನಡೆಯುತ್ತಿರುವುದೂ ಈ ಜಾಡಿನಲ್ಲೇ. ಸಾಬ್ 1993ರ ಟ್ರಯೋನಿಕ್‌ನಲ್ಲಿ ಸ್ಪಾರ್ಕ್ ಪ್ಲಗ್ಗನ್ನೇ ಕಿವಿಯಾಗಿ ಬಳಸಿತು. ಕಿಡಿ ಹಾರಿದ ಬಳಿಕ ಅದೇ ಪ್ಲಗ್ಗಿನ ಮೂಲಕ ಸಣ್ಣ ವಿದ್ಯುತ್ ಹರಿಸಿ ಒಳಗಿನ ಉರಿಯನ್ನು ಅಳೆಯುವ ಉಪಾಯವದು.

ಪ್ಲಗ್ಗಿನ ಮಾತು ಬಂದಾಗ ನಮ್ಮ ಬೆಂಗಳೂರನ್ನು ನೆನೆಯದಿರಲಾಗದು. ಜರ್ಮನಿಯ ಬಾಷ್ ಕಂಪನಿಯ ಗೊಟ್ಲೋಬ್ ಹೊನೋಲ್ಡ್ 1902ರಲ್ಲಿ ರೂಪಿಸಿದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗಿನ ಪರಂಪರೆ 1951ರಲ್ಲಿ ಸ್ಥಾಪನೆಯಾದ ಮೈಕೋ ಮೂಲಕ ಆಡುಗೋಡಿಗೆ ಬಂತು. ಮೈಕೋ ಪ್ಲಗ್ ಎಂಬುದು ಊರೂರಿನ ಗ್ಯಾರೇಜಿನ ಮಾತಾಗಿತ್ತು. ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು.

ಆದರೆ ಕಿಡಿಯನ್ನು ಎಷ್ಟು ಹಿಂದೆ ಸರಿಸಿದರೂ ನಿಲ್ಲದ ಒಂದು ಬಗೆಯ ನಾಕಿಂಗ್ ಈಚಿನ ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕಾಣಿಸಿಕೊಂಡಿದೆ. ಕಡಿಮೆ ವೇಗದಲ್ಲಿ ಜೋರಾಗಿ ಎಕ್ಸಲರೇಟರ್ ತುಳಿದಾಗ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಇನ್ನೂ ಹಾರದ ಕಿಡಿಯನ್ನು ತಡಮಾಡಿ ಫಲವೇನು? ಸಿಲಿಂಡರಿನೊಳಕ್ಕೆ ಸೇರುವ ಎಂಜಿನ್ ಆಯಿಲಿನ ಹನಿಗಳಿಗೂ, ಅದರಲ್ಲಿನ ಕ್ಯಾಲ್ಸಿಯಂ ಅಂಶಕ್ಕೂ ಇದರಲ್ಲಿ ಪಾಲಿದೆಯೆಂದು ತಿಳಿದ ಮೇಲೆ, 2018ರಲ್ಲಿ ಎಸ್‌ಎನ್ ಪ್ಲಸ್ ಎಂಬ ಹೊಸ ದರ್ಜೆಯ ಆಯಿಲ್ ಬಂತು. ನಿಮ್ಮ ಮನೆಯಲ್ಲಿ ಟರ್ಬೊ ಪೆಟ್ರೋಲ್ ಕಾರಿದ್ದರೆ ಅದರ ಕೈಪಿಡಿಯಲ್ಲಿ ಆಯಿಲಿನ ದರ್ಜೆಯನ್ನು ಒತ್ತಿ ಹೇಳಿರುವುದಕ್ಕೆ ಇದೂ ಒಂದು ಕಾರಣ.