ಮರಳುಗಾಡಿನಲ್ಲಿ ಮೈಸೂರು ಅಶ್ವದಳ

ಮೊದಲ ಮಹಾಯುದ್ಧ ಆರಂಭವಾದ 1914ರ ಕೊನೆಯಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಈಜಿಪ್ಟಿಗೆ ಬಂದಿಳಿಯಿತು. ತುರ್ಕರಿಂದ ಸೂಯೆಜ್ ಕಾಲುವೆಯನ್ನು ಕಾಯುವುದು ಅದರ ಮೊದಲ ಕೆಲಸ.

ಯುದ್ಧವೆಂದರೆ ದಿನವೂ ಕಾಳಗವಲ್ಲ. ಗಸ್ತು ಮುಗಿದರೆ ಸವಾರನ ಹೊತ್ತೆಲ್ಲ ಕುದುರೆಗೇ ಮೀಸಲು: ಮೈ ಉಜ್ಜಬೇಕು, ಗೊರಸು ನೋಡಬೇಕು, ಮೇವು ಹಾಕಬೇಕು. ಕುದುರೆಗೆ ದಿನಕ್ಕೆ ಸುಮಾರು 30 ಲೀಟರ್ ನೀರು ಬೇಕು. ಸಿನಾಯ್ ಬಾವಿಗಳ ನೀರೋ ಬಹುಪಾಲು ಉಪ್ಪು. ಹೀಗಾಗಿ ಬ್ರಿಟಿಷ್ ಸೇನೆ ನೈಲ್ ನದಿಯ ನೀರನ್ನೇ ಕೊಳವೆಯಲ್ಲಿ ಮರುಭೂಮಿಯಾಚೆಗೆ ಹರಿಸಿತು. ಕುದುರೆ ಸತ್ತರೆ ಸವಾರ ಬರಿಯ ಕಾಲಾಳು.

1918ರ ಸೆಪ್ಟೆಂಬರ್ 23ರಂದು ಜೋಧಪುರ ದಳದೊಂದಿಗೆ ಭರ್ಜಿ ಹಿಡಿದು ನುಗ್ಗಿದ ಈ ಸವಾರರು ಹೈಫಾ ನಗರವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರು ಮೈಸೂರು, ಜೋಧಪುರ, ಹೈದರಾಬಾದ್ ದಳಗಳ ಪ್ರತೀಕ. ಅಲ್ಲಿ ಕುದುರೆ ಮಾತ್ರ ಇಲ್ಲ.