ಕೋಲಾರದ ಚಿನ್ನವೂ ಅರ್ಥಶಾಸ್ತ್ರದ ಲೋಕಬೋಧೆಯೂ

ಕ್ರಿ. ಶ. 1931ನೆಯ ಸೆಪ್ಟೆಂಬರ್ 21ನೆಯ ತಾರೀಖು ಇಂಗ್ಲೆಂಡು ಸುವರ್ಣಮಾನವನ್ನು ಬಿಟ್ಟುಕೊಟ್ಟಿತು. ರೂಪಾಯಿಯು ಒಂದು ಷಿಲ್ಲಿಂಗು ಆರು ಪೆನ್ಸಿನ ದರದಲ್ಲಿ ಪೌಂಡಿಗೇ ಕಟ್ಟಲ್ಪಟ್ಟಿದ್ದುದರಿಂದ, ಪೌಂಡು ಇಳಿದೊಡನೆ ತಾನೂ ಇಳಿಯಿತು. ಚಿನ್ನದ ಬೆಲೆ ಏರತೊಡಗಿತು. 1927ರ ಶಾಸನವು ತೊಲ ಒಂದಕ್ಕೆ 21 ರೂಪಾಯಿ 3 ಆಣೆ 10 ಪೈ ಎಂದು ಗೊತ್ತುಮಾಡಿದ್ದ ಚಿನ್ನವು ಆ ದಶಕದ ನಡುವಿನ ವೇಳೆಗೆ 35 ರೂಪಾಯಿಗಳ ಆಚೀಚೆಗೆ ಬಂದಿತು. ಅದೇ ವರ್ಷಗಳಲ್ಲಿ ಧಾನ್ಯದ ಬೆಲೆ ಹೆಚ್ಚುಕಡಮೆ ಅರ್ಧಕ್ಕೆ ಇಳಿದಿತ್ತು. ಕಂದಾಯಕ್ಕೂ ಸಾಲಕ್ಕೂ ಹಣ ಹೊಂದಿಸಲಾರದ ರೈತನು ದೇಶದಾದ್ಯಂತ ಹೆಂಡತಿಯ ಮೈಮೇಲಿನ ಒಡವೆಯನ್ನು ಮಾರಿದನು. ಹಾಗೆ ಕೂಡಿದ ನೂರಾರು ಕೋಟಿ ರೂಪಾಯಿಗಳ ಚಿನ್ನವು ಮುಂಬಯಿಯ ಬಂದರಿನಿಂದ ಹಡಗೇರಿತು. ಆದರೆ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಹತ್ತು ಮೈಲಿಯಷ್ಟು ದೂರದಲ್ಲಿದ್ದ ಗಣಿಗಳ ಕಂಪೆನಿಗಳಿಗೆ ಇದೇ ಬೆಲೆಯೇರಿಕೆಯು ಸುಭಿಕ್ಷವಾಗಿ ಪರಿಣಮಿಸಿತು. ರಾಗಿ ಬೆಳೆಯುವವನಿಗೂ ಚಿನ್ನ ಅಗೆಯಿಸುವವನಿಗೂ ಒಂದೇ ಕಾರಣದಿಂದ ಇಂಥ ವಿರುದ್ಧ ಫಲಗಳು ಒದಗಿದುದನ್ನು ಸಾಮಾನ್ಯ ಜನರಿಗೆ ತಿಳಿಯಹೇಳಬೇಕಾದವರು ಅರ್ಥಶಾಸ್ತ್ರಜ್ಞರು. ಅವರು ಹೇಳಿದುದೇನು, ಅದು ಎಷ್ಟರಮಟ್ಟಿಗೆ ಗಣಿಯ ಬಾಗಿಲನ್ನು ಮುಟ್ಟಿತು ಎಂಬುದು ವಿಚಾರಾರ್ಹವಾದ ಸಂಗತಿ.

ಮೈಸೂರು ಸಂಸ್ಥಾನದಲ್ಲಿ ಇಂಥ ಲೋಕಬೋಧೆಗೆ ಕೊರತೆಯಿರಲಿಲ್ಲ. ಆಗಿನ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಏರ್ಪಟ್ಟಿತು. ವ್ಯವಸಾಯ, ವಿದ್ಯೆ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ವಿಷಯಗಳಿಗೆ ಅದರಲ್ಲಿ ಬೇರೆಬೇರೆ ಸಮಿತಿಗಳಿದ್ದುವು. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತೂ ಈ ಸಮಾಜದ ಉದ್ಯಮದಿಂದಲೇ ಹೊರಟಿತೆಂಬುದನ್ನು ಸಾಹಿತ್ಯಾಭ್ಯಾಸಿಗಳು ಮರೆಯಲಾಗದು. ದೇಶದ ಸಂಪತ್ತು ಬೆಳೆಯಬೇಕಾದರೆ ದೇಶಭಾಷೆಯು ಬೆಳೆಯಬೇಕೆಂದು ಆ ಕಾಲದವರು ನಂಬಿದ್ದರು. ಶಾಮಶಾಸ್ತ್ರಿಗಳು ಮೈಸೂರಿನಿಂದ ಕೌಟಿಲ್ಯನ ಗ್ರಂಥವನ್ನು 1909ರಲ್ಲಿ ಪ್ರಕಟಿಸಿ, ಬೊಕ್ಕಸಕ್ಕೆ ಗಣಿಯೇ ಮೂಲವೆಂದು ಆ ಪ್ರಾಚೀನನು ಬಗೆದಿದ್ದುದನ್ನು ವಿದ್ವಾಂಸರ ಕಣ್ಣಿಗೆ ತಂದಿದ್ದರು. ಅದೇ ಜಿಲ್ಲೆಯ ಮುಳಬಾಗಿಲಿನವರಾದ ಡಿ. ವಿ. ಗುಂಡಪ್ಪನವರು ಪತ್ರಿಕೋದ್ಯಮಕ್ಕಿಳಿದು ರಾಜ್ಯದ ಆಯವ್ಯಯಗಳನ್ನು ಪ್ರಜೆಯು ತಾನೇ ಪರೀಕ್ಷಿಸುವಂತಾಗಬೇಕೆಂದು ದುಡಿದರು. ಹೀಗೆ ಬೋಧಕರು ದೂರದವರಲ್ಲ. ಆದರೆ ಬೋಧೆಯ ಭಾಷೆ ಇಂಗ್ಲಿಷು, ಇಲ್ಲವೆ ಕನ್ನಡ. ಸುರಂಗದಲ್ಲಿ ದುಡಿಯುತ್ತಿದ್ದವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳರು, ತೆಲುಗರು. ಈ ಅಂತರವನ್ನು ಸಮಾಜದ ಹಿರಿಯರು ಗಣನೆಗೆ ತಂದುಕೊಂಡಂತೆ ತೋರುವುದಿಲ್ಲ.

ಗಣಿಯ ಇತಿಹಾಸವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಲೆವೆಲ್ ಎಂಬ ನಿವೃತ್ತ ಸಿಪಾಯಿಯು 1870ರ ದಶಕದಲ್ಲಿ ಪರವಾನಗಿ ಪಡೆದುದು, 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದುದು, 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿಯೆಳೆದು ವಿದ್ಯುತ್ತನ್ನು ತಂದುದು, ಇವು ಸುವಿದಿತ. 1905ರಲ್ಲಿ ಉತ್ಪತ್ತಿಯು ಆರು ಲಕ್ಷ ಔನ್ಸುಗಳನ್ನು ಮೀರಿ ಪರಮಾವಧಿಯನ್ನು ಮುಟ್ಟಿತು. ಅಲ್ಲಿಂದ ಮುಂದಿನದು ಇಳಿಗಾಲವೇ ಸರಿ.

1926ರಲ್ಲಿ ಹಿಲ್ಟನ್ ಯಂಗ್ ಆಯೋಗವು ರೂಪಾಯಿಯ ದರವನ್ನು ಒಂದು ಷಿಲ್ಲಿಂಗು ಆರು ಪೆನ್ಸಿಗೆ ನಿಲ್ಲಿಸಬೇಕೆಂದಾಗ, ಪುರುಷೋತ್ತಮದಾಸ್ ಠಾಕೂರದಾಸರು ಒಂದು ಷಿಲ್ಲಿಂಗು ನಾಲ್ಕು ಪೆನ್ಸೇ ಸಾಕೆಂದು ಭಿನ್ನಮತವನ್ನು ಬರೆದರು. ರೂಪಾಯಿಯ ಸಮಸ್ಯೆಯನ್ನು ಕುರಿತು 1923ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದ ಡಾಕ್ಟರ್ ಅಂಬೇಡ್ಕರರು ಆ ಆಯೋಗದ ಮುಂದೆ ಸಾಕ್ಷ್ಯ ನುಡಿದಿದ್ದರು. ಕೇನ್ಸರು 1913ರಲ್ಲಿ ಎತ್ತಿಹಿಡಿದಿದ್ದ ಚಿನ್ನದ ವಿನಿಮಯಮಾನವನ್ನು ಅವರು ಒಪ್ಪಿರಲಿಲ್ಲ. ಎರಡು ಪೆನ್ಸಿನ ಈ ವ್ಯಾಜ್ಯವು ಪತ್ರಿಕೆಗಳನ್ನು ತುಂಬಿದುದು ಮುಖ್ಯವಾಗಿ ಮುಂಬಯಿಯ ಗಿರಣಿಗಳ ನೆಪದಿಂದ. ಕೋಲಾರಕ್ಕೆ ಅದನ್ನು ಅನ್ವಯಿಸಿದರೆ ಲೆಕ್ಕವು ಅಂಗೈನೆಲ್ಲಿಯಂತಿದೆ. ಕಂಪೆನಿಯ ಚಿನ್ನಕ್ಕೆ ದೊರೆಯುವುದು ಪೌಂಡಿನ ಬೆಲೆ. ಕೂಲಿ ಕೊಡುವುದು ರೂಪಾಯಿಯಲ್ಲಿ. ಹಳೆಯ ದರದಲ್ಲಿ ಒಂದು ಪೌಂಡಿಗೆ 15 ರೂಪಾಯಿ ಬರುತ್ತಿದ್ದರೆ ಹೊಸ ದರದಲ್ಲಿ 13 ರೂಪಾಯಿ 5 ಆಣೆ 4 ಪೈ ಮಾತ್ರ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೀಗೆ ಕರಗಿಹೋದ ಮೇಲೆ, ಖರ್ಚನ್ನು ಹಿಡಿಯಬೇಕೆಂಬ ಒತ್ತಡವು ಕೊನೆಗೆ ಕೂಲಿಯವನ ಮೇಲೆಯೇ ಬೀಳತಕ್ಕದ್ದು. 1930ರ ಏಪ್ರಿಲಿನಲ್ಲಿ ಗಣಿಗಾರರು ಮಾಡಿದ ದೊಡ್ಡ ಮುಷ್ಕರಕ್ಕೆ ಎದ್ದುಕಂಡ ಕಾರಣ ಇದಲ್ಲ; ಹೆಬ್ಬೆಟ್ಟಿನ ಗುರುತು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಅಪ್ಪಣೆ. ತಮ್ಮನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದರೆಂದು ಅವರು ಕೆರಳಿದರು. ವಿನಿಮಯದ ಲೆಕ್ಕವು ಅವರಿಗೆ ತಿಳಿದಿದ್ದರೂ ಆ ಅವಮಾನವನ್ನು ಅದು ಕಡಮೆ ಮಾಡುತ್ತಿರಲಿಲ್ಲವೆನ್ನಿ.

ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೊಂದು ಆರ್ಥಿಕ ಯೋಜನೆಯನ್ನು ಬರೆದು ಪ್ರಕಟಿಸಿದರು. ಉದ್ಯೋಗ, ಉತ್ಪತ್ತಿ, ತಲಾ ವರಮಾನ ಎಂಬ ಮಾತುಗಳು ವಿದ್ಯಾವಂತರ ಬಾಯಲ್ಲಿ ನಿಂತುವು. ವಿ. ಕೆ. ಆರ್. ವಿ. ರಾಯರು 1931–32ರ ರಾಷ್ಟ್ರೀಯ ವರಮಾನವನ್ನು ಗಣಿಸಿದರು. ಆದರೆ ಅವರ ಗಣನೆ ಬ್ರಿಟಿಷ್ ಇಂಡಿಯಕ್ಕೆ ಸಂಬಂಧಿಸಿದುದು. ದೇಶೀಯ ಸಂಸ್ಥಾನದಲ್ಲಿದ್ದ ಕೋಲಾರದ ಚಿನ್ನವು ಆ ಲೆಕ್ಕದ ಹೊರಗೇ ಉಳಿಯಿತು. ದೇಶದ ಚಿನ್ನದ ಬಹುಭಾಗವನ್ನು ತೆಗೆಯುತ್ತಿದ್ದವರು ದೇಶದ ವರಮಾನದ ಪಟ್ಟಿಯಲ್ಲಿಲ್ಲದೆ ಹೋದುದು ವಿಚಿತ್ರವಾದರೂ, ಆ ಕಾಲದ ರಾಜಕೀಯ ಸ್ಥಿತಿಯಲ್ಲಿ ಸಹಜವೇ.

ಎರಡನೆಯ ಮಹಾಯುದ್ಧದಲ್ಲಿ ಹಣದುಬ್ಬರವೆಂಬುದು ಎಲ್ಲರ ಅನುಭವಕ್ಕೂ ಬಂದಿತು. ನೋಟುಗಳು ಹೆಚ್ಚಿ ಸಾಮಾನು ಕಡಮೆಯಾದರೆ ಬೆಲೆ ಏರುವುದೆಂಬ ಪಾಠವನ್ನು ಪಡಿತರದ ಅಂಗಡಿಯ ಮುಂದೆ ನಿಂತವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಿನ್ನವೂ ತೊಲಕ್ಕೆ 70 ರೂಪಾಯಿಯನ್ನು ದಾಟಿತು. ತುಟ್ಟಿಭತ್ಯವೇ ಆಗ ಕಾರ್ಮಿಕರ ಮುಖ್ಯ ಮಾತಾಯಿತು. 1946ರ ಮುಷ್ಕರದಲ್ಲಿ ಪೋಲೀಸರು ಗುಂಡು ಹಾರಿಸಿ ಕಾರ್ಮಿಕರು ಸತ್ತರು.

ಇದಕ್ಕಿಂತ ಗಹನವಾದ ತೊಡಕು ಮುಂದೆ ಬಂದಿತು. ಅದನ್ನು ಜನರಿಗೆ ಬಿಡಿಸಿ ಹೇಳಿದವರು ವಿರಳ. ಅಮೆರಿಕದವರು 1934ರಲ್ಲಿ ಔನ್ಸಿಗೆ 35 ಡಾಲರೆಂದು ಕಟ್ಟಿದ ದರವನ್ನು 1944ರ ಬ್ರೆಟನ್ ವುಡ್ಸ್ ಒಪ್ಪಂದವು ಲೋಕಕ್ಕೆಲ್ಲ ಆಧಾರವಾಗಿ ಮಾಡಿತು. ಬಟ್ಟೆಯ ಗಿರಣಿಯವನು ಕೂಲಿ ಏರಿದರೆ ಬಟ್ಟೆಯ ಬೆಲೆಯನ್ನು ಏರಿಸಬಲ್ಲನು. ಚಿನ್ನದ ಗಣಿಯವನಿಗೆ, ಅಧಿಕೃತ ದರಕ್ಕೇ ಒಪ್ಪಿಸಬೇಕೆಂದಾದ ಮೇಲೆ, ಆ ದಾರಿಯಿಲ್ಲ: ಮದ್ದು, ಮರ, ಕೂಲಿ ಎಲ್ಲವೂ ಏರಬಹುದು, ಅವನ ಸರಕಿನ ಬೆಲೆ ಮಾತ್ರ ಏರದು. ಲೋಕಕ್ಕೆ ಮುಗ್ಗಟ್ಟು ಬಂದಾಗ ಗಣಿಗೆ ಒಳ್ಳೆಯ ಕಾಲ, ಲೋಕದಲ್ಲಿ ಬೆಲೆ ಏರಿದಾಗ ಗಣಿಗೆ ಕೇಡುಗಾಲ. ಚಾಂಪಿಯನ್ ರೀಫ್ ಗಣಿಯಂತೂ ಹತ್ತು ಸಾವಿರ ಅಡಿಗಳ ಆಳಕ್ಕಿಳಿದು, ಗಾಳಿಯನ್ನು ತಣಿಸುವುದಕ್ಕೂ ಅದಿರನ್ನು ಮೇಲೆತ್ತುವುದಕ್ಕೂ ವರ್ಷವರ್ಷಕ್ಕೆ ಹೆಚ್ಚು ವೆಚ್ಚವನ್ನು ಬೇಡುತ್ತಿತ್ತು; ಅದಿರಿನಲ್ಲಿ ಚಿನ್ನದ ಅಂಶವೂ ತೆಳುವಾಗುತ್ತಿತ್ತು.

1956ರಲ್ಲಿ ಮೈಸೂರು ಸರ್ಕಾರವೂ, 1962ರಲ್ಲಿ ಕೇಂದ್ರ ಸರ್ಕಾರದ ಅರ್ಥಖಾತೆಯೂ ಗಣಿಗಳನ್ನು ವಹಿಸಿಕೊಂಡುವು. ಆಗಿನ ವಿನಿಮಯದಲ್ಲಿ 35 ಡಾಲರಿನ ದರವು ತೊಲಕ್ಕೆ 62 ರೂಪಾಯಿ 50 ಪೈಸೆಗೆ ಸಮ. ಪೇಟೆಯ ಅಕ್ಕಸಾಲೆಯು ಅದೇ ತೊಲಕ್ಕೆ ನೂರಕ್ಕೂ ಮೇಲ್ಪಟ್ಟು ತೆರುತ್ತಿದ್ದನು. ಸರ್ಕಾರಕ್ಕೆ ಅಂತಾರಾಷ್ಟ್ರೀಯ ದರದಲ್ಲಿ ಚಿನ್ನವನ್ನು ಒಪ್ಪಿಸಿದ ಗಣಿಯು ಲೆಕ್ಕಪುಸ್ತಕದಲ್ಲಿ ನಷ್ಟದ ಉದ್ಯಮವಾಗಿ ಕಾಣಿಸಿಕೊಂಡಿತು. ಈ ನಷ್ಟದಲ್ಲಿ ಎಷ್ಟು ಭಾಗ ಬಂಡೆಯಿಂದ ಬಂದುದು, ಎಷ್ಟು ಭಾಗ ದರದಿಂದ ಬಂದುದು ಎಂಬುದನ್ನು ಬೇರ್ಪಡಿಸಿ ನೋಡದೆ ‘ನಷ್ಟದ ಗಣಿ’ ಎಂಬ ಮಾತನ್ನೇ ಬಳಸುತ್ತ ಬಂದುದು ಸರಿಯಾದ ಬೋಧೆಯಲ್ಲ. ಪದವು ಲೆಕ್ಕಕ್ಕಿಂತ ಬೇಗ ಹರಡುತ್ತದೆ. 1963ರಲ್ಲಿ ಮೊರಾರ್ಜಿ ದೇಸಾಯಿಯವರು ಹದಿನಾಲ್ಕು ಕ್ಯಾರಟ್ಟಿನ ನಿರ್ಬಂಧವನ್ನು ತಂದು, ಚಿನ್ನದ ಮೋಹವನ್ನು ಬಿಡಬೇಕೆಂದು ಜನರಿಗೆ ಬುದ್ಧಿ ಹೇಳಿದರು. ಅಕ್ಕಸಾಲೆಗಳ ಕಸುಬು ಕೆಟ್ಟಿತು; ಮೋಹವು ಹೋಗಲಿಲ್ಲ. ಚಿನ್ನ ಬೇಡವೆನ್ನುವ ಖಾತೆಯೇ ಚಿನ್ನವನ್ನು ತೆಗೆಯಿಸುವ ಖಾತೆಯೂ ಆಗಿದ್ದುದನ್ನು ಆಗ ಎಷ್ಟು ಜನ ಗಮನಿಸಿದರೋ!

1971ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನರು ಡಾಲರಿನ ನಂಟನ್ನು ಕಡಿದಮೇಲೆ ಚಿನ್ನದ ಬೆಲೆ ಕಟ್ಟು ಕಳಚಿಕೊಂಡಿತು. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರನ್ನು ಮುಟ್ಟಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪೆನಿಯ ಕೈಸೇರಿದ್ದ ಗಣಿಗಳಲ್ಲಿ ಆ ಹೊತ್ತಿಗೆ ಸಮೃದ್ಧವಾದ ಅದಿರು ಮುಗಿಯುತ್ತ ಬಂದಿತ್ತು. ಬೆಲೆಯು ಪುನಃ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದಾಗ ಔನ್ಸಿನ ಬೆಲೆ 270 ಡಾಲರಿನೊಳಗೆ ಇದ್ದಿತು. ಎರಡು ದಶಕಗಳಲ್ಲಿ ಅಷ್ಟು ಕೀಳುಬೆಲೆ ಅಪರೂಪ. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನವನ್ನು ಕೊಟ್ಟ ನೆಲದ ಕಾರ್ಮಿಕರಿಗೆ, ಉದ್ಯಮವು ಇನ್ನು ಲಾಭಕರವಲ್ಲವೆಂಬ ವಿವರಣೆ ದೊರೆಯಿತು. 2011ರ ಸೆಪ್ಟೆಂಬರಿನಲ್ಲಿ ಅದೇ ಔನ್ಸು 1,890 ಡಾಲರನ್ನು ದಾಟಿತು. ಅಷ್ಟರಲ್ಲಿ ಸುರಂಗಗಳಲ್ಲಿ ನೀರು ತುಂಬಿಕೊಂಡಿತ್ತು. ಗಣಿಗಾರರ ಮಕ್ಕಳು ಬೆಳಗಿನ ಜಾವದ ರೈಲನ್ನು ಹಿಡಿದು, ಬಂಗಾರಪೇಟೆಯ ಮೇಲೆ ಹಾದು, ಕೂಲಿಗೂ ನೌಕರಿಗೂ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಿದ್ದರು.