ಶೂನ್ಯಸಂಪಾದನೆಯ ನಾಲ್ಕು ಪಾಠಗಳು: ಶರಣಚರಿತ್ರೆಗಳ ತೊಡಕೂ ಏಕೀಕರಣದ ಕ್ರಮವೂ

ಒಂದೇ ಹೆಸರಿನ, ಒಂದೇ ವಸ್ತುವಿನ, ಬಹುಮಟ್ಟಿಗೆ ಒಂದೇ ಸಾಮಗ್ರಿಯ ಗ್ರಂಥವು ನಾಲ್ವರು ಕರ್ತೃಗಳ ಕೈಯಲ್ಲಿ ನಾಲ್ಕು ಸಲ ರೂಪುಗೊಂಡ ಉದಾಹರಣೆಯು ಕನ್ನಡ ವಾಙ್ಮಯದಲ್ಲಿ ವಿರಳವಾದುದು. ಶೂನ್ಯಸಂಪಾದನೆಯು ಅಂಥದೊಂದು ಗ್ರಂಥ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇದನ್ನು ಮೊದಲು ಸಂಕಲಿಸಿದನು. ಅನಂತರ ಹಲಗೆಯದೇವನು, ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿಯು, ಕೊನೆಗೆ ಗೂಳೂರು ಸಿದ್ಧವೀರಣ್ಣೊಡೆಯನು ಇದನ್ನೇ ಮತ್ತೆ ಮತ್ತೆ ಪರಿಷ್ಕರಿಸಿದರು. ಒಮ್ಮೆ ಸಿದ್ಧವಾದ ಗ್ರಂಥವನ್ನು ಬಿಟ್ಟು ಮತ್ತೊಂದನ್ನು ಕಟ್ಟುವ ಪ್ರಯಾಸವು ಏಕೆ ಬೇಕಾಯಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೋದರೆ, ಶರಣರ ಚರಿತ್ರೆಗಳು ಯಾವ ಕ್ರಮದಿಂದ ಒಂದುಗೂಡಿದವೆಂಬದೂ, ಆ ಚರಿತ್ರೆಗಳನ್ನು ಇಂದು ಯಾವ ಮಟ್ಟಿಗೆ ಇತಿಹಾಸವೆಂದು ನಂಬಬಹುದೆಂಬದೂ ಸ್ಪಷ್ಟವಾಗುವವು.

ಈ ಗ್ರಂಥದ ಅಭ್ಯಾಸದಲ್ಲಿ ಧಾರವಾಡದ ಪಾಲು ದೊಡ್ಡದು. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ವಿಜಾಪುರವನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡು, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನೂ, ೧೯೩೦ರಲ್ಲಿ ಗೂಳೂರು ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯನ್ನೂ ಅಚ್ಚಿಗೆ ತಂದರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರ ವರೆಗೆ ಇದೇ ಪಾಠವನ್ನು ಆಂಗ್ಲ ಅನುವಾದದೊಡನೆ ಐದು ಸಂಪುಟಗಳಲ್ಲಿ ಪ್ರಕಟಿಸಿತು. ಶಿ. ಚೆ. ನಂದಿಮಠ, ಆರ್. ಸಿ. ಹಿರೇಮಠ, ಸಂ. ಶಿ. ಭೂಸನೂರಮಠ ಮೊದಲಾದವರು ಆ ಕಾರ್ಯದಲ್ಲಿ ದುಡಿದರು. ಭೂಸನೂರಮಠರ ‘ಶೂನ್ಯಸಂಪಾದನೆಯ ಪರಾಮರ್ಶೆ’ಗೆ ೧೯೭೨ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಇಲ್ಲಿ ಲಕ್ಷಿಸತಕ್ಕ ಸಂಗತಿಯೊಂದುಂಟು. ನಾಲ್ಕರಲ್ಲಿ ಕಡೆಯದಾದ ಪಾಠವೇ ಮುದ್ರಣದಲ್ಲಿ ಮೊದಲನೆಯದಾಯಿತು. ಆದುದರಿಂದ ‘ಶೂನ್ಯಸಂಪಾದನೆ’ ಎಂದರೆ ಸಿದ್ಧವೀರಣ್ಣನ ಗ್ರಂಥವೇ ಎಂಬ ಭಾವನೆಯು ಓದುಗರಲ್ಲಿಯೂ ಪಾಠಶಾಲೆಗಳಲ್ಲಿಯೂ ನೆಲೆಗೊಂಡಿತು. ಅದರ ಹಿಂದೆ ಮೂರು ಮೆಟ್ಟಲುಗಳಿದ್ದುದು ಬಹುಕಾಲ ವಿದ್ವಾಂಸರಿಗೆ ಮಾತ್ರ ತಿಳಿದ ಸಂಗತಿಯಾಗಿ ಉಳಿಯಿತು.

ಸಂಪಾದನಕಾರರ ಎದುರಿಗಿದ್ದ ತೊಡಕು ಎಂಥದೆಂಬದನ್ನು ಮೊದಲು ನೋಡಬೇಕು. ೧೨ನೆಯ ಶತಮಾನದ ಶರಣರ ಕಥೆಗಳು ಒಂದೇ ಮೂಲದಿಂದ ಹರಿದು ಬಂದವುಗಳಲ್ಲ. ಹಂಪೆಯ ಹರಿಹರನು ಒಬ್ಬೊಬ್ಬ ಶರಣನಿಗೂ ಒಂದೊಂದು ರಗಳೆಯನ್ನು ಬರೆದನು. ಆತನ ಶಿಷ್ಯನಾದ ರಾಘವಾಂಕನು ಸಿದ್ಧರಾಮನ ಚಾರಿತ್ರವನ್ನು ಷಟ್ಪದಿಯಲ್ಲಿ ಹೇಳಿದನು. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ಬಸವಪುರಾಣವನ್ನು ರಚಿಸಿದನು. ೧೩೬೯ರಲ್ಲಿ ಭೀಮಕವಿಯು ಅದನ್ನು ಕನ್ನಡಕ್ಕೆ ತಂದನು. ಇವಲ್ಲದೆ ಒಂದೊಂದು ಕ್ಷೇತ್ರದಲ್ಲಿಯೂ ಅಲ್ಲಿಯ ಶರಣನ ಕಥೆಯು ಬಾಯಿಂದ ಬಾಯಿಗೆ ಬೆಳೆಯುತ್ತಿತ್ತು. ಪ್ರತಿಯೊಬ್ಬ ಕವಿಗೂ ತನ್ನ ಕಥಾನಾಯಕನೇ ಮುಖ್ಯನು. ಉಳಿದವರು ಬಂದರೂ ಬಂದರು, ಬಾರದಿದ್ದರೂ ಕೊರತೆಯಿಲ್ಲ. ಹೀಗಿರುವಲ್ಲಿ ಇವೆಲ್ಲವನ್ನೂ ಒಟ್ಟಿಗೆ ಓದುವವನಿಗೆ ವಿರೋಧಗಳು ಎಡೆಯೆಡೆಗೂ ತೋರುವದು ಸಹಜವೇ ಆಗಿದೆ.

ಅಲ್ಲಮಪ್ರಭುವಿನ ಕಥೆಯೇ ಇದಕ್ಕೆ ಮೊದಲ ನಿದರ್ಶನ. ಹರಿಹರನ ಅಲ್ಲಮನು ಕಮಳತೆಯನ್ನು ಪ್ರೇಮಿಸಿ ಮದುವೆಯಾಗುವನು. ಅವಳ ಮರಣದಿಂದ ಕಂಗೆಟ್ಟು ಅಲೆಯುವನು. ಆ ದುಃಖದಲ್ಲಿಯೇ ನೆಲದೊಳಗೆ ಹೂತಿದ್ದ ಗುಡಿಯನ್ನು ಕಂಡು, ಅದರಲ್ಲಿ ಕುಳಿತಿದ್ದ ಅನಿಮಿಷನಿಂದ ಲಿಂಗವನ್ನು ಪಡೆಯುವನು. ಇಲ್ಲಿ ವೈರಾಗ್ಯವು ವಿರಹದಿಂದ ಹುಟ್ಟಿದುದು. ಪ್ರೌಢದೇವರಾಯನ ಕಾಲದಲ್ಲಿ, ಸುಮಾರು ೧೪೩೦ರಲ್ಲಿ, ಚಾಮರಸನು ಬರೆದ ಪ್ರಭುಲಿಂಗಲೀಲೆಯಲ್ಲಿಯಾದರೋ ಅಲ್ಲಮನು ಮೋಹಕ್ಕೆ ಎಂದೂ ಸಿಲುಕದ ನಿರ್ಮಾಯನು. ಬನವಸೆಯ ಮಮಕಾರನ ಮಗಳಾಗಿ ಹುಟ್ಟಿದ ಮಾಯೆಯೇ ಆತನಿಗೆ ಸೋಲುವಳು. ಅನಿಮಿಷನು ಉಳಿದನು, ಕಮಳತೆಯು ಮರೆಯಾದಳು. ಒಬ್ಬ ಕವಿಯು ಮನುಷ್ಯನಾಗಿ ಕಂಡವನನ್ನು ಮತ್ತೊಬ್ಬನು ಮನುಷ್ಯಮಾತ್ರನಲ್ಲವೆಂದು ಸಾಧಿಸಿದನು.

ಮಹಾದೇವಿಯಕ್ಕನ ವಿಷಯದಲ್ಲಿಯೂ ಇಂಥದೇ ಭೇದವಿದೆ. ಹರಿಹರನ ರಗಳೆಯಲ್ಲಿ ಅವಳು ಕರಾರುಗಳನ್ನೊಡ್ಡಿ ಕೌಶಿಕನ ಕೈಹಿಡಿಯುವಳು. ಆತನು ಅವನ್ನು ಮೀರಲು ಅರಮನೆಯನ್ನು ತೊರೆದು ಶ್ರೀಶೈಲಕ್ಕೆ ನಡೆಯುವಳು. ಆ ದಾರಿಯಲ್ಲಿ ಕಲ್ಯಾಣವಿಲ್ಲ, ಅಲ್ಲಮನ ಪರೀಕ್ಷೆಯೂ ಇಲ್ಲ. ಚಾಮರಸನಲ್ಲಿ ಮದುವೆಯೇ ನಡೆಯುವದಿಲ್ಲ. ಸಿದ್ಧರಾಮನ ಸಂಗತಿಯು ಇನ್ನೂ ತೊಡಕಿನದು. ರಾಘವಾಂಕನ ಕಾವ್ಯದ ಕೇಂದ್ರವು ಸೊನ್ನಲಿಗೆ; ಕೆರೆಯನ್ನು ಕಟ್ಟಿಸಿ, ಮಲ್ಲಿಕಾರ್ಜುನನನ್ನು ಆರಾಧಿಸಿ, ಊರನ್ನೇ ಅಭಿನವ ಶ್ರೀಶೈಲವನ್ನಾಗಿ ಮಾಡಿದ ಯೋಗಿಯು ಅಲ್ಲಿಯ ನಾಯಕನು. ಅಲ್ಲಮನು ಬಂದು ಆತನನ್ನು ಕಲ್ಯಾಣಕ್ಕೆ ಕರೆದೊಯ್ಯುವ ಕಥೆಗೆ ಅಲ್ಲಿ ಎಡೆಯಿಲ್ಲ.

ಈ ಬಿಡಿ ಚರಿತ್ರೆಗಳನ್ನು ಒಂದುಗೂಡಿಸುವದಕ್ಕೆ ಮಹಾದೇವಯ್ಯನು ಕಂಡುಕೊಂಡ ಉಪಾಯವು ಸರಳವೂ ಸಮರ್ಥವೂ ಆದುದು. ಆತನು ಯಾರ ಜೀವನವನ್ನೂ ಮೊದಲಿನಿಂದ ಕಡೆಯ ವರೆಗೆ ಹೇಳಹೋಗಲಿಲ್ಲ. ಅಲ್ಲಮನನ್ನು ಸೂತ್ರವನ್ನಾಗಿ ಹಿಡಿದು, ಉಳಿದ ಶರಣರನ್ನು ಆ ಸೂತ್ರದಲ್ಲಿ ಪೋಣಿಸಿದನು. ಅಲ್ಲಮನು ಅಣ್ಣನಾದ ಅಜಗಣ್ಣನಿಗಾಗಿ ಶೋಕಿಸುವ ಮುಕ್ತಾಯಕ್ಕನನ್ನು ಕಾಣುವನು. ಸೊನ್ನಲಿಗೆಯಲ್ಲಿ ಸಿದ್ಧರಾಮನನ್ನು ಕೆಣಕಿ ಎಚ್ಚರಿಸುವನು. ಕಲ್ಯಾಣದಲ್ಲಿ ಬಸವಣ್ಣ ಚೆನ್ನಬಸವಣ್ಣರನ್ನು ಕೂಡುವನು. ಅಲ್ಲಿಗೆ ಬಂದ ಮಹಾದೇವಿಯಕ್ಕನನ್ನು ಪ್ರಶ್ನಿಸುವನು. ಕೊನೆಗೆ ಶೂನ್ಯಸಿಂಹಾಸನವನ್ನು ಏರುವನು. ಬೇರೆ ಬೇರೆ ಗ್ರಂಥಗಳ ನಾಯಕರು ಒಂದೇ ಸಭೆಯಲ್ಲಿ ಎದುರುಬದುರಾಗಿ ಕೂಡ್ರುವರು. ಒಬ್ಬೊಬ್ಬರ ಅಂತ್ಯವನ್ನು ಮಾತ್ರ ಆಯಾ ಕ್ಷೇತ್ರಗಳಿಗೇ ಬಿಟ್ಟುಕೊಡಲಾಗಿದೆ: ಬಸವಣ್ಣನಿಗೆ ಕೂಡಲಸಂಗಮ, ಅಕ್ಕನಿಗೆ ಶ್ರೀಶೈಲದ ಕದಳಿ. ಹೀಗೆ ಕ್ಷೇತ್ರಗಳ ಪರಂಪರೆಗೆ ಧಕ್ಕೆಯಿಲ್ಲದೆ ಕಥೆಯು ಒಂದಾಯಿತು. ಇನ್ನೂ ಮುಖ್ಯವಾದುದೆಂದರೆ, ಸಂಪಾದನಕಾರನು ಪಾತ್ರಗಳ ಬಾಯಲ್ಲಿ ತನ್ನ ಮಾತನ್ನಿಡದೆ ಅವರವರ ವಚನಗಳನ್ನೇ ಸಂಭಾಷಣೆಯನ್ನಾಗಿ ಜೋಡಿಸಿದನು. ಆತನ ಸ್ವಂತದ್ದು ನಡುವಣ ಗದ್ಯದ ಬೆಸುಗೆ ಮಾತ್ರ. ಸಾಕ್ಷಿಗಳ ಮಾತು ಹಳೆಯದಿದ್ದುದರಿಂದ ಹೊಸ ಕಥೆಗೂ ಹಳೆಯದೆಂಬ ಪ್ರಾಮಾಣ್ಯವು ಬಂದಿತು.

ಆದರೆ ಏಕೀಕರಣವು ಒಂದು ಪ್ರಶ್ನೆಯನ್ನು ಬಗೆಹರಿಸಿ ಮತ್ತೊಂದನ್ನು ಹುಟ್ಟಿಸಿತು. ಸ್ಥಾವರಲಿಂಗದ ಆರಾಧಕನೂ ಯೋಗಿಯೂ ಆದ ಸಿದ್ಧರಾಮನು ಇಷ್ಟಲಿಂಗಧಾರಿಗಳ ಸಭೆಯಲ್ಲಿ ಕುಳಿತ ಮೇಲೆ, ಆತನಿಗೆ ದೀಕ್ಷೆಯಾಯಿತೋ ಇಲ್ಲವೋ ಎಂಬ ಸಂಶಯವು ಏಳಲೇಬೇಕಷ್ಟೆ. ತನ್ನ ಕಾವ್ಯದಲ್ಲಿ ಒಂಟಿಯಾಗಿದ್ದಾಗ ಆತನಿಗೆ ಈ ಪ್ರಶ್ನೆಯು ತಟ್ಟಿರಲಿಲ್ಲ. ಇತರರ ಸಂಗಡ ಸೇರಿದಾಗಲೇ ತಟ್ಟಿತು. ಮಹಾದೇವಯ್ಯನ ಪಾಠದಲ್ಲಿ ಆತನ ಲಿಂಗದೀಕ್ಷೆಯ ಪ್ರಸಂಗವಿಲ್ಲ. ಅರಿವು ನೆಲೆಗೊಂಡವನಿಗೆ ಹೊರಗಿನ ಕುರುಹಿನ ಹಂಗೇಕೆಂಬ ನಿಲವು ಅಲ್ಲಿಯದು. ಹಲಗೆಯದೇವನಿಗೆ ಇದು ಒಪ್ಪಿಗೆಯಾಗಲಿಲ್ಲ. ಆತನು ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆಯಾಯಿತೆಂಬ ಪ್ರಸಂಗವನ್ನು ಸೇರಿಸಿದನು. ಮುಂದಿನ ಪಾಠಗಳಲ್ಲಿಯೂ ಅದು ಉಳಿದುಬಂದಿತು. ಗ್ರಂಥದ ಎರಡನೆಯ ರೂಪವು ಹುಟ್ಟಿದುದು ಕಥೆಯ ಚೆಲುವಿಗಾಗಿ ಅಲ್ಲ, ಸಿದ್ಧಾಂತದ ಇತ್ಯರ್ಥಕ್ಕಾಗಿ ಎಂಬದು ಇದರ ಮೇಲಿಂದ ವ್ಯಕ್ತವಾಗುವದು. ಸಿದ್ಧವೀರಣ್ಣನ ಪಾಠದಲ್ಲಿ ಆಯ್ದಕ್ಕಿ ಮಾರಯ್ಯ, ಮೋಳಿಗೆಯ ಮಾರಯ್ಯ, ನುಲಿಯ ಚಂದಯ್ಯ, ಘಟ್ಟಿವಾಳಯ್ಯ ಇವರಿಗೂ, ನಾಥಪಂಥದ ಗೋರಕ್ಷನಿಗೂ ಸ್ಥಾನವುಂಟು. ವಜ್ರಕಾಯವನ್ನು ಸಾಧಿಸಿದ ಗೋರಕ್ಷನು ಬಯಲಾದ ಅಲ್ಲಮನ ಎದುರಿನಲ್ಲಿ ತಲೆಬಾಗುವದರಿಂದ, ಪರಪಂಥದ ಮಹಾಪುರುಷನೂ ಇದೇ ಕಥಾಲೋಕದ ಮರ್ಯಾದೆಗೆ ಒಳಪಟ್ಟಂತಾಯಿತು.

ಇಂಥ ವ್ಯಾಪಾರವು ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ೨೦ನೆಯ ಶತಮಾನದ ಅಮೇರಿಕೆಯ ವೀರಚಿತ್ರಕಥೆಗಳ ಪ್ರಕಾಶಕರಿಗೂ ಇದೇ ಸಂಕಟವು ಒದಗಿತು. ೧೯೩೮ರಲ್ಲಿ ಸೂಪರ್‌ಮ್ಯಾನನು ಕಾಣಿಸಿಕೊಂಡ ತರುವಾಯ ಡಿ. ಸಿ. ಸಂಸ್ಥೆಯ ವೀರರ ಕಥೆಗಳನ್ನು ಅನೇಕ ಲೇಖಕರು ದಶಕಗಳ ವರೆಗೆ ಬರೆದರು. ಒಂದು ಇನ್ನೊಂದಕ್ಕೆ ಹೊಂದದಾಯಿತು. ೧೯೪೦ರ ಫ್ಲ್ಯಾಶ್ ಎಂಬ ವೀರನೂ ೧೯೫೬ರಲ್ಲಿ ಅದೇ ಹೆಸರಿನಿಂದ ಬಂದ ಬೇರೊಬ್ಬನೂ ಎರಡು ಬೇರೆ ಭೂಮಿಗಳವರೆಂದು ೧೯೬೧ರ ಕಥೆಯೊಂದರಲ್ಲಿ ಸಮಾಧಾನ ಹೇಳಲಾಯಿತು. ಕಾಲಕ್ರಮದಲ್ಲಿ ಭೂಮಿಗಳೂ ಹೆಚ್ಚಿದವು. ಆಗ ೧೯೮೫–೮೬ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಸ್ ಇವರು ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಎಂಬ ೧೨ ಸಂಚಿಕೆಗಳ ಕಥೆಯಲ್ಲಿ ಎಲ್ಲ ವೀರರನ್ನೂ ಒಂದು ಮಹಾವಿಪತ್ತಿನ ಮುಂದೆ ನಿಲ್ಲಿಸಿ, ಹಲವು ಲೋಕಗಳನ್ನು ಒಂದೇ ಲೋಕವನ್ನಾಗಿ ಮಾಡಿದರು. ಅಷ್ಟಕ್ಕೆ ತೊಡಕು ತೀರಲಿಲ್ಲ. ೧೯೯೪ರಲ್ಲಿ, ೨೦೦೫–೦೬ರಲ್ಲಿ, ೨೦೧೧ರಲ್ಲಿ ಮತ್ತೆ ಅಂಥದೇ ಮಹಾಸಂಗಮಗಳು ಬೇಕಾದವು. ಒಂದುಗೂಡಿಸಿದ ಕಥೆಯೇ ಮುಂದಿನ ತಿದ್ದುಪಡಿಗೆ ಕಾರಣವಾಗುವದೆಂಬ ನಿಯಮವು ಎರಡು ಕಡೆಗೂ ಸಮಾನವಾಗಿ ತೋರುವದು.

ಸಾಮ್ಯವು ಇಲ್ಲಿಗೆ ನಿಲ್ಲುವದು. ಚಿತ್ರಕಥೆಯ ವೀರರು ಕಲ್ಪಿತರು. ಅವರ ಮೇಲೆ ಪ್ರಕಾಶಕನಿಗೆ ಒಡೆತನವುಂಟು. ಹಿಂದಿನ ಕಥೆಯು ನಡೆಯಲೇ ಇಲ್ಲವೆಂದು ಆತನು ಸಾರಬಹುದು. ಶರಣರು ನಡೆದಾಡಿದ ಮನುಷ್ಯರು; ಅವರ ಚರಿತ್ರೆಗೆ ಯಾರೂ ಒಡೆಯರಲ್ಲ. ಸಂಪಾದನಕಾರನು ಹರಿಹರನ ರಗಳೆಯನ್ನು ನಿಲ್ಲಿಸಬಲ್ಲವನಾಗಿರಲಿಲ್ಲ. ತನ್ನ ಜೋಡಣೆಯ ಸೊಗಸಿನಿಂದಲೂ ತತ್ತ್ವದ ಬಲದಿಂದಲೂ ಜನರನ್ನು ಒಲಿಸಿಕೊಳ್ಳಬೇಕಾಗಿತ್ತು. ಆತನು ಒಲಿಸಿಕೊಂಡನು. ಇಂದು ಅಕ್ಕನೆಂದರೆ ಕಲ್ಯಾಣದ ಸಭೆಯಲ್ಲಿ ಅಲ್ಲಮನಿಗೆ ಉತ್ತರ ಕೊಡುವ ಅಕ್ಕನೇ ಹೆಚ್ಚಿನವರ ಕಣ್ಣಮುಂದೆ ನಿಲ್ಲುವಳು. ಆದರೂ ರಗಳೆಗಳ ಓಲೆಗಳು ಅಳಿಯದೆ ಉಳಿದು ಅಚ್ಚಾದುದರಿಂದ, ಮರೆಯಾಗಿದ್ದ ಕಮಳತೆಯು ಅಭ್ಯಾಸಿಗಳಿಗೆ ಮರಳಿ ದೊರೆತಿರುವಳು.

ಇದರಿಂದ ಇತಿಹಾಸಕಾರನಿಗೂ ಸಾಹಿತ್ಯದ ಅಧ್ಯಾಪಕನಿಗೂ ಒದಗುವ ಹೊಣೆಯು ಚಿಕ್ಕದಲ್ಲ. ವಚನಗಳು ಬಿಡಿಯಾದ ಉಕ್ತಿಗಳು. ಷಟ್‌ಸ್ಥಲದ ಕಟ್ಟುಗಳಲ್ಲಿ ಅವು ಸಾಧನೆಯ ಮೆಟ್ಟಲುಗಳಿಗೆ ಅನುಸರಿಸಿ ವಿಂಗಡವಾಗಿವೆ. ಶೂನ್ಯಸಂಪಾದನೆಯಲ್ಲಿ ಅವೇ ಪ್ರಶ್ನೋತ್ತರಗಳಾಗಿ ನಿಲ್ಲುವವು. ಏಕಾಂತದಲ್ಲಿ ಚೆನ್ನಮಲ್ಲಿಕಾರ್ಜುನನಿಗೆ ನಿವೇದಿಸಿದ ಮಾತು ಸಭೆಯಲ್ಲಿ ಪ್ರತಿವಾದಿಗೆ ಕೊಟ್ಟ ಉತ್ತರವಾದರೆ ಅದರ ಅರ್ಥವೇ ಬದಲಾಗುವದು. ಜೋಡಣೆಯು ೧೫–೧೬ನೆಯ ಶತಮಾನಗಳದು, ಮಾತು ೧೨ನೆಯ ಶತಮಾನದ್ದು. ಇವೆರಡನ್ನೂ ಬೇರ್ಪಡಿಸದೆ ಕಲಿಸಿದರೆ ಸಂಪಾದನಕಾರನ ವ್ಯಾಖ್ಯಾನವೇ ಶರಣರ ಜೀವನಚರಿತ್ರೆಯೆಂದು ಪರಿಣಮಿಸುವದು. ಹಾಗೆಂದು ಈ ಭೇಟಿಗಳೆಲ್ಲ ಕಟ್ಟುಕಥೆಗಳೆಂದು ತಳ್ಳಿಹಾಕುವದೂ ಯುಕ್ತವಲ್ಲ. ಶರಣರು ತಮ್ಮ ವಚನಗಳಲ್ಲಿ ಒಬ್ಬರನ್ನೊಬ್ಬರು ಹೆಸರಿಸಿ ನೆನೆದಿರುವರು. ಅವರೊಳಗೆ ಪರಸ್ಪರ ಪರಿಚಯವೂ ಗೌರವವೂ ಇದ್ದುವೆಂಬದಕ್ಕೆ ಆ ಸ್ಮರಣೆಗಳೇ ಆಧಾರಗಳು. ಭೇಟಿಯ ಸಂಭವವು ಬೇರೆ, ಭೇಟಿಯಲ್ಲಿ ಇಂಥದೇ ಸಂವಾದವು ಇದೇ ಅನುಕ್ರಮದಿಂದ ನಡೆಯಿತೆಂಬದು ಬೇರೆ. ಮೊದಲನೆಯದನ್ನು ಒಪ್ಪಿದ ಮಾತ್ರಕ್ಕೆ ಎರಡನೆಯದನ್ನು ಒಪ್ಪಿದಂತಾಗುವದಿಲ್ಲ.

೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟದ ೧೫ ಸಂಪುಟಗಳು ಹೊರಬಂದ ಮೇಲೆ, ಒಂದೊಂದು ವಚನವನ್ನೂ ಕಥೆಯಿಂದ ಬಿಡಿಸಿ ಅದರ ಕರ್ತೃವಿನ ಉಳಿದ ವಚನಗಳ ನಡುವೆ ಇಟ್ಟು ನೋಡುವದು ಸುಲಭವಾಗಿದೆ. ಹಾಗೆ ನೋಡಿದ ಬಳಿಕ ಮರಳಿ ಶೂನ್ಯಸಂಪಾದನೆಗೆ ಬಂದರೆ ಆ ಗ್ರಂಥದ ಬೆಲೆಯು ಕುಂದದು, ಹೆಚ್ಚುವದು. ಮುನ್ನೂರು ವರ್ಷಗಳ ಹಿಂದಿನ ಚದುರಿದ ನುಡಿಗಳನ್ನು ಆರಿಸಿ, ಪರಸ್ಪರ ವಿರೋಧದ ಕಥೆಗಳನ್ನು ಒಂದು ಸಭೆಯಲ್ಲಿ ಕೂಡ್ರಿಸಿ, ಅವುಗಳ ಭೇದವನ್ನೇ ಸಂವಾದವನ್ನಾಗಿ ಮಾರ್ಪಡಿಸಿದ ಪ್ರತಿಭೆಯು ಆಗ ತನ್ನ ನಿಜವಾದ ಕಾಲದಲ್ಲಿ ಕಾಣುವದು. ೧೨ನೆಯ ಶತಮಾನಕ್ಕೆ ಶೂನ್ಯಸಂಪಾದನೆಯು ಪರೋಕ್ಷ ಸಾಕ್ಷಿ. ವಿಜಯನಗರದ ಕಾಲದ ವಿರಕ್ತರು ತಮ್ಮ ಹಿರಿಯರನ್ನು ಯಾವ ರೂಪದಲ್ಲಿ ನೆನೆಯಲಿಚ್ಛಿಸಿದರೆಂಬದಕ್ಕೆ ಅದು ಪ್ರತ್ಯಕ್ಷ ಸಾಕ್ಷಿ. ನಾಲ್ಕು ಪಾಠಗಳನ್ನೂ ಸಾಲಾಗಿ ಇಟ್ಟು ಓದುವವನಿಗೆ ಆ ನೆನಪು ಒಂದೊಂದು ತಲೆಮಾರಿಗೂ ಹೇಗೆ ತಿದ್ದಿಕೊಳ್ಳುತ್ತ ಬಂದಿತೆಂಬದರ ದಾಖಲೆಯೇ ದೊರೆಯುವದು.